ಮಾವನ ಎದೆಯ ಫೋಟೋ

ನನ್ನ ಮಾವನವರ ಚಿಲುಮೆ ಬಿಡಿಸುವುದು ಯಾರಿಂದಲೂ ಆಗಲಿಲ್ಲ. ನಾನೂ ಆ ಗೋಜಿಗೆ ಹೋಗಿರಲಿಲ್ಲ. ಆದರೆ ಅವರು ಕೆಮ್ಮಿ ಉಗುಳಿದ್ದರಲ್ಲಿ ರಕ್ತ ಕಂಡ ಮೇಲೆ ಸುಮ್ಮನಿರುವ ಹೆಣ್ಣು ನಾನಲ್ಲ. ಕ್ಷಯ ಹುಡುಕಲು ಎದೆಯ ಫೋಟೋ ತೆಗೆಯುವ ಸರಕಾರಿ ಮೋಟಾರು ನಮ್ಮ ತಾಲ್ಲೂಕಿನ ಊರಾದ ಜತ್ತಕ್ಕೆ ಬಂದಿದೆ ಎಂದು ಕೇಳಿದ್ದೇ ತಡ, ನಮ್ಮ ಹಳ್ಳಿ ಸನಮಡಿಯಿಂದ ಗಾಡಿ ಕಟ್ಟಿಸಿದೆ. ಸೊಸೆ ಮಾವನೆದುರು ಬಾಯಿ ತೆರೆಯದ ಕಾಲ ಅದು. ನನ್ನ ಸೆರಗು ತಲೆಯ ಮೇಲಿತ್ತು, ಬಾಯಿಯ ಮೇಲಲ್ಲ. ಅವರ ಚಿಲುಮೆಯ ಗೆಳೆಯರನ್ನೂ ಅದೇ ಗಾಡಿಗೆ ಹತ್ತಿಸಿದೆ. ಅವರೇನು ಕಡಿಮೆ ಕೆಮ್ಮುತ್ತಿದ್ದರೇ?

ಮೈಮೇಲೆ ಲೋಹ ಇರಬಾರದು ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ಮಾವನವರು ತಲೆಯಾಡಿಸಿ, ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಬನಿಯನ್ನಿನೊಳಗೆ ತೂರಿಸಿ ನಿಂತರು. ಫೋಟೋ ತೊಳೆದು ನೋಡಿದರೆ ಎದೆಯ ನಡುವೆ ಲಿಂಬೆಹಣ್ಣಿನಷ್ಟು ಬಿಳಿ ಮಚ್ಚೆ! ಅದರ ಹಿಂದೆ ಏನಿದೆಯೋ ಕಾಣುವಂತಿರಲಿಲ್ಲ. ಕರಡಿಗೆ ತೆಗೆದಿಟ್ಟು ಬನ್ನಿ ಎಂದು ಡಾಕ್ಟರು ರೇಗಿದರು.

"ಜೀಂವ ಹೋದರೂ ಲಿಂಗ ಮೈಯಿಂದ ಬಿಡಂಗಿಲ್ಲ," ಎಂದು ಮಾವನವರು ಗಾಡಿಯ ಕಡೆ ಹೊರಟೇಬಿಟ್ಟರು. ಅವರಂತೆಯೇ ಲಿಂಗ ಕಟ್ಟಿಕೊಂಡಿದ್ದ ಗೆಳೆಯರೂ ರುಮಾಲು ಕೊಡವಿ ಎದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ಮಾವಾರ, ನಿಂದರ್ರಿ. ದಿನಾ ಪೂಜಿಗೆ ಕುಂತಾಗ ಲಿಂಗ ಎಲ್ಲಿರತೈತ್ರಿ?"

"ಅಂಗೈಯಾಗ."

"ಈಗೂ ಅಲ್ಲೇ ಹಿಡಕೊಳ್ರಿ. ಮೈ ಬಿಟ್ಟಂಗ ಆತೇನು?"

ಅವರು ನಿಂತರು. ಕೈ ಸೊಂಟದ ಮೇಲಿಡಲಿ ಎಂದರು ಡಾಕ್ಟರು. ಲಿಂಗ ಹೊಕ್ಕಳಿಗಿಂತ ಕೆಳಗೆ ಇಳಿಯುವಂತಿಲ್ಲ ಎಂದು ನಾನು ಮರಾಠಿಯಲ್ಲಿ ಗಟ್ಟಿಯಾಗಿಯೇ ಹೇಳಿದೆ. ಕೊನೆಗೆ ಮಾವನವರು ಯಂತ್ರದ ಹಲಗೆಯನ್ನು ತಬ್ಬಿಕೊಂಡು, ಲಿಂಗ ಹಿಡಿದ ಕೈಯನ್ನು ಆಚೆಗೆ ಚಾಚಿ ಉಸಿರು ಬಿಗಿಹಿಡಿದರು. ಅದನ್ನು ನೋಡಿದ ಗೆಳೆಯರು ಒಬ್ಬೊಬ್ಬರಾಗಿ ಅಂಗಿ ಬಿಚ್ಚತೊಡಗಿದರು.

ಈ ಸಲದ ಫೋಟೋ ಸ್ಪಷ್ಟವಾಗಿ ಬಂತು. ಗೆಳೆಯರ ಎದೆಗಳಲ್ಲಿ ಏನೂ ಇರಲಿಲ್ಲ. ಮಾವನವರದರಲ್ಲಿ ಮಾತ್ರ, ಮೊದಲು ಕರಡಿಗೆ ಮುಚ್ಚಿದ್ದ ಜಾಗದಲ್ಲೇ, ಸಣ್ಣದೊಂದು ಗಡ್ಡೆ ಕಂಡಿತು. ಇದು ಕ್ಷಯವಲ್ಲ, ಇನ್ನೂ ಚಿಕ್ಕದಿದೆ, ಮಿರಜಿನ ದೊಡ್ಡ ಆಸ್ಪತ್ರೆಗೆ ಹೋದರೆ ಕೊಯ್ದು ತೆಗೆಯಬಹುದು ಎಂದರು ಡಾಕ್ಟರು. ಇಷ್ಟು ಬೇಗ ಯಾರೂ ಬರುವುದಿಲ್ಲ ಎಂದೂ ಹೇಳಿದರು.

ಮಾವನವರು ಡಾಕ್ಟರನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿದರು.

"ಬದುಕ್ತೇನೇನ್, ಯವ್ವಾ?"

"ಬದುಕ್ತೀರಿ," ಎಂದೆ. ನನಗೇನು ಗೊತ್ತಿತ್ತು?

ಅವರು ಲಿಂಗವನ್ನು ಕರಡಿಗೆಯಲ್ಲಿಟ್ಟು ಮತ್ತೆ ಕೊರಳಿಗೆ ಹಾಕಿಕೊಂಡರು. ಆಮೇಲೆ, "ಹಂಗಾರ ಮಿರಜಿಗೆ ಮೋಟಾರ ಎಷ್ಟೊತ್ತಿಗೈತಿ, ಲಗೂನ ಕೇಳು," ಎಂದರು.