ಬಾಣಂತಿಯ ಹೊರಸು

ರಾಜೂರಿನ ನನ್ನ ತವರಿನಲ್ಲಿ ಬಾಣಂತಿಯ ಹೊರಸು, ಅಂದರೆ ನಾರಿನ ಮಂಚ, ಹೆಣೆಯಲು ಹಗ್ಗ ಹೊಸೆಯುವ ಮುದುಕನೇ ಬರಬೇಕಿತ್ತು. ಅಡಿಯಲ್ಲಿ ಕೆಂಡವಿಟ್ಟರೆ ಕಾವು ಪುಂಡಿನಾರಿನ ಸಂದಿನಿಂದ ಬೆನ್ನಿಗೆ ಏರುವಂತೆ ಹೆಣೆಯುತ್ತಿದ್ದ. ಒಂದೊಂದು ಎಳೆ ಬಿಗಿದಾಗಲೂ, "ಕಾವ ಏರಬೇಕ್ರಿ, ಗಂಟ ಒತ್ತಬಾರದ್ರಿ" ಎನ್ನುತ್ತಿದ್ದ. ಮುಗಿದ ಮೇಲೆ ತಾನೇ ಮಲಗಿ, ಅತ್ತಿತ್ತ ಹೊರಳಿ ನೋಡದೆ ಕೊಡುತ್ತಿರಲಿಲ್ಲ.

ನನ್ನ ಚೊಚ್ಚಲ ಹೆರಿಗೆಯ ದಿನ ಪಡಸಾಲೆಯಲ್ಲಿ ಹಾಗೆ ಮಲಗಿದವನಿಗೆ ನಿದ್ದೆ ಹತ್ತಿತು. ಒಳಗೆ ನಾನು ಚೀರಿದ್ದೂ, ಮಗಳು ಹುಟ್ಟಿ ಅತ್ತಿದ್ದೂ ಅವನಿಗೆ ಕೇಳಲಿಲ್ಲ. ಹೊರಸು ಒಯ್ಯಲು ಬಂದ ಸೂಲಗಿತ್ತಿ ಸೊಂಟಕ್ಕೆ ಕೈಯಿಟ್ಟು ಕೂಗಿದಳು: "ಏಳೋ ಯಪ್ಪಾ! ಹಡದಾಕಿ ಒಳಗದಾಳ, ಬಾಣಂತನ ನಿನಗೇನ?"

ಒಳಗಿದ್ದ ನನಗೆ ನೋವಿನಲ್ಲೂ ನಗು ಬಂತು. ಅವನು ಕಣ್ಣುಜ್ಜಿಕೊಂಡು ಎದ್ದು, ಬೆನ್ನು ಸವರಿಕೊಂಡು ಹಿಗ್ಗಿನಿಂದ ಹೇಳಿದ: "ಒಂದೂ ಗಂಟ ಒತ್ತಲಿಲ್ಲ ನೋಡ್ರಿ!"