ಮೀನಿನ ನೀರಿಗೆ ಒಂದು ಚಮಚ ಜೋನಿಬೆಲ್ಲ

ಭಟ್ಕಳದ ಗೆಳೆಯ ದುಬೈಗೆ ಹೊರಡುವಾಗ ತನ್ನ ಉಪ್ಪುನೀರಿನ ಅಕ್ವೇರಿಯಂ ನನಗೆ ಕೊಟ್ಟುಹೋದ. ಒಳಗೆ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಒಂದು ಜೋಡಿ ಮೀನು. ಹೊನ್ನಾವರದ ನಮ್ಮ ಮನೆಗೆ ಅಲ್ಲಿಯವರೆಗೆ ಬಂದ ಮೀನೆಲ್ಲ ಸಾರಿಗೆಂದು ಬಂದವು. ಇವೆರಡನ್ನು ಮಾತ್ರ ಅಮ್ಮ ನೆಂಟರೆಂದು ಒಪ್ಪಿಕೊಂಡಳು. ಬೆಳಿಗ್ಗೆ ಅವಳು ಗಾಜಿನ ಹತ್ತಿರ ಹೋದರೆ ಎರಡೂ ಓಡಿಬರುತ್ತಿದ್ದವು. ನಾನು ಹೋದರೆ ಕಲ್ಲಿನ ಹಿಂದೆ ಅಡಗುತ್ತಿದ್ದವು.

ನೆಂಟರೆಂದ ಮೇಲೆ ‘ಇನ್ನೊಂಚೂರು’ ಎನ್ನದೆ ಬಡಿಸುವುದು ನಮ್ಮ ಕಡೆ ಮರ್ಯಾದೆಯಲ್ಲ. ತಿಂದು ಉಳಿದದ್ದು ಕೊಳೆತು ನೀರಿನಲ್ಲಿ ಮೀನಿಗೆ ಒಗ್ಗದ ನೈಟ್ರೇಟ್ ಏರಿತು. ಅದನ್ನು ಅಳೆಯುವ ಪರೀಕ್ಷೆಯ ನಳಿಕೆ ಕೋಕಂ ಶರಬತ್ತಿನಷ್ಟು ಕೆಂಪಾಯಿತು. ಸಮುದ್ರದಿಂದ ನಾಲ್ಕು ಕೊಡ ನೀರು ತಂದು ಬದಲಿಸಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟರು. ಕೊಡ ಹೊರುವುದರಲ್ಲಿ ವಿಜ್ಞಾನ ಎಲ್ಲಿದೆ?

ಇಂಟರ್ನೆಟ್ಟಿನ ಪಂಡಿತರು ಕಾರ್ಬನ್ ಡೋಸಿಂಗ್ ಎಂಬ ಮದ್ದು ಹೇಳಿದರು. ದಿನಾ ಕೆಲವು ಹನಿ ವೋಡ್ಕಾ ಹಾಕಿದರೆ ಅದನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ ನೈಟ್ರೇಟನ್ನೂ ಹೀರಿಕೊಳ್ಳುತ್ತದಂತೆ. ಹೊನ್ನಾವರದ ವೈನ್‌ಶಾಪಿನ ಮುಂದೆ ಮೇಷ್ಟರು ನಿಂತು ‘ಇದು ಮೀನಿಗೆ’ ಎಂದರೆ ನಂಬುವವರು ಯಾರು? ಕುಮಟೆಗೆ ಹೋದರೆ ಅಲ್ಲೂ ನನ್ನ ಹಳೆಯ ವಿದ್ಯಾರ್ಥಿಗಳೇ. ವಿನೆಗರ್ ಆದರೂ ನಡೆಯುತ್ತದೆಂದು ಓದಿದ ಮೇಲೆ ಮಾನ ಉಳಿಯಿತು.

“ಎಂತ ಹಾಕ್ತೆ ತಮಾ ಅದ್ಕೆ?” ಎಂದಳು ಅಮ್ಮ.

“ವಿನೆಗರ್. ನೀರು ಶುದ್ಧ ಆಗ್ತದೆ.”

“ಪಾಪ, ಅವಕ್ಕೆ ಬರೀ ಹುಳಿ ಕುಡ್ಸೂದಾ?”

“ನಿಂಗೆ ಇದೆಲ್ಲ ಗೊತ್ತಾಗೂದಿಲ್ಲ ಅಮ್ಮ.”

ಈ ಮದ್ದಿಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ನಾನೋ ಸೋಮವಾರ ಫಲಿತಾಂಶ ತೋರಿಸುತ್ತೇನೆಂದು ತರಗತಿಯಲ್ಲಿ ಕೊಚ್ಚಿಕೊಂಡಿದ್ದೆ. ಭಾನುವಾರವೂ ಕೆಂಪು ಇಳಿಯದಿದ್ದಾಗ ಹನಿ ಎಣಿಸುವುದನ್ನು ಬಿಟ್ಟು ಅರ್ಧ ಲೋಟ ಸುರಿದೆ.

ಮರುದಿನ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ಮಿತಿಮೀರಿ ಬೆಳೆದ ಬ್ಯಾಕ್ಟೀರಿಯಾ ಆಮ್ಲಜನಕವನ್ನೆಲ್ಲ ಮುಗಿಸಿತ್ತು. ಮೀನುಗಳೆರಡೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಆಗ ನೆನಪಾಯಿತು ಸಮುದ್ರ. ಸ್ಕೂಟರಿನಲ್ಲಿ ಎರಡು ಕ್ಯಾನ್ ನೀರು ತರುವಷ್ಟರಲ್ಲಿ ಒಂದು ಮೀನು ಸತ್ತಿತ್ತು.

ಅಮ್ಮ ಅಳುತ್ತಿದ್ದಳು. “ನಾನೇ ಕೊಂದೆ ತಮಾ. ನಿನ್ನೆ ಒಂದು ಚಮಚ ಜೋನಿಬೆಲ್ಲ ಹಾಕ್ದೆ. ಬಿಸ್ಲಲ್ಲಿ ಬಂದವ್ರಿಗೆ ನಾವು ಬೆಲ್ಲ-ನೀರು ಕೊಡೂದಿಲ್ವಾ? ಹುಳಿ ಕುಡಿದ ಬಾಯಿಗೆ ಸಿಹಿಯಾಗ್ಲಿ ಅಂತ.”

ಬೆಲ್ಲವೂ ಬ್ಯಾಕ್ಟೀರಿಯಾಗೆ ಊಟವೇ, ನಿಜ. ಆದರೆ ನನ್ನ ಅರ್ಧ ಲೋಟದ ಮುಂದೆ ಆ ಚಮಚ ಯಾವ ಲೆಕ್ಕ? ಹೇಳಬೇಕಿತ್ತು. “ಆತು ಬಿಡು ಅಮ್ಮ, ಗೊತ್ತಿಲ್ದೆ ಮಾಡಿದ್ದು” ಎಂದೆ. ದೊಡ್ಡ ಮನುಷ್ಯನಂತೆ ಅವಳನ್ನು ಕ್ಷಮಿಸಿಬಿಟ್ಟೆ! ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಆದರೂ ಹೇಳಿಲ್ಲ.

ನೈಟ್ರೇಟ್ ಈಗ ಇಳಿದಿದೆ. ಅಮ್ಮ ಬಡಿಸುವುದನ್ನು ಬಿಟ್ಟಿದ್ದಾಳೆ, ಗಾಜಿನ ಹತ್ತಿರವೂ ಸುಳಿಯುವುದಿಲ್ಲ. ಉಳಿದ ಮೀನು ಬೆಳಿಗ್ಗೆ ಅವಳು ಬರುತ್ತಿದ್ದ ಹೊತ್ತಿಗೆ ಮುಂದೆ ಬಂದು ನಿಲ್ಲುತ್ತದೆ. ನನ್ನನ್ನು ಕಂಡು ಕಲ್ಲಿನ ಹಿಂದೆ ಹೋಗುತ್ತದೆ.