ಮೇಡಂ ಸೇರಿಸಿದ ಒಂದು ಸಾಲು

ಕಾರು ಕಲಿಯುತ್ತಿರುವ ಮಗಳ ಪಕ್ಕದಲ್ಲಿ ಕೂರುವ ಕಷ್ಟ ಯಾವ ತಂದೆಗೂ ಬೇಡ. ಈ ಭಾನುವಾರ ಬೆಳಿಗ್ಗೆ ಶಿಡ್ಲಘಟ್ಟದ ರಸ್ತೆಯಲ್ಲಿ ಟೊಮೆಟೊ ತುಂಬಿದ ಟೆಂಪೊ ಎದುರಿಗೆ ಬಂತು. "ಬ್ರೇಕು! ಎಡಕ್ಕೆ! ಅಯ್ಯೋ, ಅಷ್ಟು ಎಡಕ್ಕಲ್ಲ!" ಎಂದು ಊರೇ ಮುಳುಗಿತೇನೋ ಎಂಬಂತೆ ಕೂಗಿದೆ. ಟೆಂಪೊ ತನ್ನ ಪಾಡಿಗೆ ತಾನು ಹೋಯಿತು. ಮಗಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕೀಲಿಯನ್ನು ನನ್ನ ಕೈಗಿಟ್ಟಳು.

"ನೀನೇ ಓಡ್ಸಪ್ಪ. ನಂಗೆ ಈ ಜನ್ಮದಲ್ಲಿ ಬರಲ್ಲ."

ಅವಳ ಮುಖ ನೋಡಿದಾಗ ನನಗೆ ಪದ್ಮಾವತಿ ಮೇಡಂ ನೆನಪಾದರು.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಮೇಡಂ ಮತ್ತು ನಾನು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಿದ್ದೆವು. ಅವರು ಆಕಾಶದಲ್ಲಿರುವ ಪೈಲಟ್‌ಗಳಿಗೆ ರೇಡಿಯೊದಲ್ಲಿ ದಾರಿ ಹೇಳುವವರು. ನಾನು ಅದೇ ಕಚೇರಿಯ ಕೆಳಮಹಡಿಯವನು. ಕಷ್ಟಕ್ಕೆ ಸಿಕ್ಕಿದ ಪೈಲಟ್‌ಗೆ ಮೇಲಿನ ಕೋಣೆಯವರು ನೆರವಾದರೆ, ಆ ಮಾತುಕತೆಯ ಟೇಪು ಕೇಳಿ, ನಡೆದದ್ದನ್ನು ಬರೆದಿಡುವುದು ನನ್ನ ಕೆಲಸ. ಮುಂದೆ ಬರುವವರು ಓದಿ ಕಲಿಯಲಿ ಎಂದು. ಕಥೆಗಾರನಾಗಲು ಹೊರಟು ಗುಮಾಸ್ತನಾದ ನನಗೆ ಇದು ಹಸಿದವನಿಗೆ ಹೋಳಿಗೆ ಬಡಿಸಿದಂತಿತ್ತು.

ಒಂದು ಚಳಿಗಾಲದ ಬೆಳಿಗ್ಗೆ, ತರಬೇತಿ ವಿಮಾನದಲ್ಲಿ ಒಬ್ಬನೇ ಹಾರುತ್ತಿದ್ದ ವಿದ್ಯಾರ್ಥಿಯೊಬ್ಬ ನಮ್ಮ ಕಡೆಯ ಮೋಡದೊಳಗೆ ಸಿಕ್ಕಿಕೊಂಡ. ಒಂದು ಪಕ್ಕ ನಂದಿ ಬೆಟ್ಟ, ಇನ್ನೊಂದು ಪಕ್ಕ ಸ್ಕಂದಗಿರಿ. ಯಾವುದಕ್ಕೆ ತಗುಲಿದರೂ ಮುಗಿಯಿತು. ಟೇಪಿನಲ್ಲಿ ಅವನ ಇಂಗ್ಲಿಷು ನಡುವೆಯೇ ನಿಂತುಹೋಯಿತು.

"ಮೇಡಂ, ಏನೂ ಕಾಣಿಸ್ತಿಲ್ಲ ಮೇಡಂ."

ಮೇಡಂ ಕೂಡ ಕನ್ನಡಕ್ಕೆ ತಿರುಗಿದರು. "ಕಾಣೋದು ಬೇಡಪ್ಪ. ಹೊರಗಡೆ ನೋಡ್ಲೇಬೇಡ. ಮುಂದಿರೋ ಮೀಟರ್ ನೋಡು. ರೆಕ್ಕೆ ಸಮ ಇದ್ಯಾ?"

"ಇದೆ ಮೇಡಂ."

"ಅಷ್ಟೇ. ಈಗ ನಿಧಾನಕ್ಕೆ ಮೇಲಕ್ಕೆ ಬಾ. ನಾನು ಇಲ್ಲೇ ಇದೀನಿ."

ಒಂದು ಸಲಕ್ಕೆ ಒಂದೇ ಕೆಲಸ. ಅವನು ಮಾಡಿದ ಮೇಲೆ "ಸರಿ" ಎನ್ನುವರು, ಆಮೇಲೆ ಇನ್ನೊಂದು. ಬೆಟ್ಟಗಳ ಎತ್ತರ ದಾಟಿಸಿ, ಸ್ವಲ್ಪ ಸ್ವಲ್ಪವೇ ದಕ್ಷಿಣಕ್ಕೆ ತಿರುಗಿಸಿದರು. ಮೋಡ ಹರಿದು ಕೆಳಗೆ ಹೆದ್ದಾರಿ ಕಂಡಾಗ ಹುಡುಗ ಅತ್ತದ್ದು ಕೇಳಿಸಿತು. ಅವನು ಕ್ಷೇಮವಾಗಿ ಇಳಿದಿದ್ದಾನೆಂದು ಮೊದಲೇ ಗೊತ್ತಿದ್ದರೂ ನಾನೂ ಬಾಗಿಲು ಹಾಕಿಕೊಂಡು ಅತ್ತೆ.

ಆಮೇಲೆ ಬರೆಯಲು ಕೂತೆ ನೋಡಿ, ಕೈಗೆ ಲಗಾಮಿರಲಿಲ್ಲ. ವರದಿ ಇಂಗ್ಲಿಷಿನದಾದರೇನು, ಅಲಂಕಾರಕ್ಕೆ ಭಾಷೆಯ ಹಂಗಿದೆಯೇ? ಮೇಡಂ ಅವನನ್ನು ಯಮನ ಬಾಯಿಂದ ಎಳೆದು ತಂದರು. ಅವರು ಭಯವೆಂದರೇನೆಂದೇ ಅರಿಯದ ಧೀರೆ. ಹೀಗೆಲ್ಲ ಬರೆದೆ. ಸಂಜೆ ರೈಲಿನಲ್ಲಿ ಹೆಮ್ಮೆಯಿಂದ ಅವರ ಕೈಗೆ ಕೊಟ್ಟೆ.

"ಏನ್ರೀ ಇದು, ಹರಿಕಥೆನಾ?" ಎಂದು ನಕ್ಕು ಯಮನ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದರು. "ವಿಮಾನ ಹಾರಿಸಿದ್ದು ಆ ಹುಡುಗ. ನಾನು ಮಾತಾಡ್ದೆ ಅಷ್ಟೆ." ಧೀರೆಯ ಹತ್ತಿರ ಬಂದಾಗ ನಗು ನಿಂತಿತು. "ನಂಗೆ ಭಯ ಆಗ್ಲಿಲ್ಲ ಅಂತ ನಿಮಗ್ಯಾರು ಹೇಳಿದ್ರು? ಕೈ ನಡುಗಿ ಪೆನ್ನು ಹಿಡಿಯಕ್ಕಾಗ್ಲಿಲ್ಲ. ಅದನ್ನ ಬರೀರಿ."

"ಬೇಡ ಮೇಡಂ. ನಿಮ್ಮ ಬಡ್ತಿ ಹತ್ರ ಬಂದಿದೆ, ದೊಡ್ಡೋರು ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಲಿ. ನಾಳೆ ಆ ಕುರ್ಚೀಲಿ ಹೊಸಬರು ಯಾರೋ ಕೂತ್ಕೋತಾರೆ. ಕೈ ನಡುಗ್ತು, ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂದ್ಕೊಂಡು ಅವರು ಸುಮ್ಮನಾಗಿಬಿಟ್ರೆ, ಮೇಲಿರೋನ ಗತಿ ಏನ್ರೀ?"

ಅವರು ಹೇಳಿದಂತೆಯೇ ಬರೆದೆ. ಶೌರ್ಯ ಕೊಚ್ಚಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಯಾರೋ ಮುಖ ಕಾಣದವರಿಗಾಗಿ ತಮ್ಮ ನಡುಕವನ್ನು ಕಚೇರಿಯ ಕಾಗದದಲ್ಲಿ ಬರೆಸಿದವರೆಂದರೆ ನಾನು ಕಂಡದ್ದು ಅವರೊಬ್ಬರನ್ನೇ. ಅದಕ್ಕಿಂತ ದೊಡ್ಡ ಧೈರ್ಯ ನನಗೆ ಗೊತ್ತಿಲ್ಲ.

ಕೀಲಿಯನ್ನು ಮಗಳಿಗೆ ವಾಪಸು ಕೊಟ್ಟೆ.

"ನೀನು ತಪ್ಪು ಮಾಡ್ದೆ ಅಂತ ನಾನು ಕೂಗ್ಲಿಲ್ಲ ಕಣಮ್ಮ. ಟೆಂಪೊ ನೋಡಿ ನಂಗೆ ಭಯ ಆಯ್ತು."

ಅವಳು ನನ್ನ ಕಡೆ ತಿರುಗಿದಳು. "ನಿಂಗೂ ಭಯ ಆಗತ್ತಾ ಅಪ್ಪ?"

"ಈಗ್ಲೂ ಆಗ್ತಿದೆ."

ಅವಳು ಕನ್ನಡಿ ಸರಿಮಾಡಿಕೊಂಡಳು. ಆಮೇಲೆ, "ಗಟ್ಟಿಯಾಗಿ ಹಿಡ್ಕೋ," ಎಂದು ಕಾರು ಶುರುಮಾಡಿದಳು.